ಗುರುಗಳನ್ನು ರೂಪಿಸಿದ ಗುರು: ಗಾನಯೋಗಿ ಪಂಚಾಕ್ಷರಿ ಗವಾಯಿಗಳವರು

ತರಗತಿಯಲ್ಲಿ ಕುಳಿತ ಮಕ್ಕಳೆಲ್ಲರೂ ಒಂದೇ ದಾರಿಯಿಂದ ವಿದ್ಯೆಯನ್ನು ಪಡೆಯುವುದಿಲ್ಲ. ಒಬ್ಬನಿಗೆ ಕಣ್ಣು ದಾರಿಯಾದರೆ ಇನ್ನೊಬ್ಬನಿಗೆ ಕಿವಿ, ಮತ್ತೊಬ್ಬಳಿಗೆ ಕೈಬೆರಳು. ಮಗುವಿನ ದಾರಿಯನ್ನು ಅರಿತು ಅದರಲ್ಲಿ ನಡೆಯಬೇಕೇ, ಇಲ್ಲವೆ ತನ್ನ ದಾರಿಗೆ ಮಗುವನ್ನು ಎಳೆಯಬೇಕೇ ಎಂಬ ಪ್ರಶ್ನೆ ಪ್ರಾಥಮಿಕ ಶಾಲೆಯ ಶಿಕ್ಷಕರಿಗೆ ದಿನವೂ ಎದುರಾಗುತ್ತದೆ. ಬೆಂಗಳೂರಿನ ದಕ್ಷಿಣದಂಚಿನ ಅಂಜನಾಪುರದ ಶಾಲೆಯಲ್ಲಿ ಇಂದು ಏಳುವ ಈ ಪ್ರಶ್ನೆಯೇ ನೂರು ವರ್ಷಗಳಿಗೂ ಹಿಂದೆ ಹಾನಗಲ್ಲ ಸೀಮೆಯ ಒಂದು ಹಳ್ಳಿಯಲ್ಲಿ ಎದ್ದಿತ್ತು. ಅದಕ್ಕೆ ತಮ್ಮ ಬಾಳಿನಿಂದಲೇ ಉತ್ತರವಿತ್ತ ಪುಣ್ಯಪುರುಷರು ಗಾನಯೋಗಿ ಲಿಂ. ಪಂಚಾಕ್ಷರಿ ಗವಾಯಿಗಳವರು. ನಾಡು ಅವರನ್ನು ಮಹಾಗಾಯಕರೆಂದು ನೆನೆಯುತ್ತದೆ. ಶಿಕ್ಷಕ ಬಂಧುಗಳು ಅವರನ್ನು ಶಿಕ್ಷಕರನ್ನು ಸಿದ್ಧಗೊಳಿಸಿದ ಶಿಕ್ಷಕರೆಂದೂ ನೆನೆಯುವುದು ಉಚಿತ.

ಅಂದಿನ ಧಾರವಾಡ ಜಿಲ್ಲೆಗೆ ಸೇರಿದ್ದ, ಇಂದು ಹಾವೇರಿ ಜಿಲ್ಲೆಯಲ್ಲಿರುವ ಕಾಡಶೆಟ್ಟಿಹಳ್ಳಿಯಲ್ಲಿ 1892ರ ಫೆಬ್ರವರಿ 2ರಂದು ಅವರ ಜನನವಾಯಿತು. ತಂದೆ ಗುರುಪಾದಯ್ಯನವರು, ತಾಯಿ ನೀಲಮ್ಮನವರು. ಮಗುವಿಗಿಟ್ಟ ಹೆಸರು ಗದಿಗೆಯ್ಯ. ಹುಟ್ಟಿನಿಂದಲೇ ಆ ಕೂಸಿಗೆ ದೃಷ್ಟಿಯಿರಲಿಲ್ಲ. ಅಣ್ಣ ಗುರುಬಸಯ್ಯನಿಗೂ ಅದೇ ಸ್ಥಿತಿ. ಅಂದಿನ ಕಾಲದಲ್ಲಿ ಬಡವರ ಮನೆಯ ಅಂಧ ಬಾಲಕನ ಮುಂದೆ ಇದ್ದುದು ಎರಡೇ ಬಾಳು: ಮನೆಯ ಮೂಲೆ, ಇಲ್ಲವೆ ಜಾತ್ರೆಯ ದಾರಿಯ ಭಿಕ್ಷೆ. ಅಂಧರಿಗಾಗಿ ಭಾರತದಲ್ಲಿ ಮೊದಲ ಶಾಲೆ ಅಮೃತಸರದಲ್ಲಿ ಆರಂಭವಾದುದು 1887ರಲ್ಲಿ. ಹಾನಗಲ್ಲ ಸೀಮೆಯ ಹಳ್ಳಿಗಳಿಗೆ ಅಂಥ ಶಾಲೆಯ ಸುದ್ದಿ ತಲುಪುವ ಬಗೆಯೇ ಇರಲಿಲ್ಲ. ಆದರೆ ಈ ಸೋದರರ ಕಂಠದಲ್ಲಿ ಮಾಧುರ್ಯವಿತ್ತು, ಒಮ್ಮೆ ಕೇಳಿದ್ದನ್ನು ಮರೆಯದ ಸ್ಮರಣೆಯಿತ್ತು.

ಆ ಗುಣವನ್ನು ಗುರುತಿಸಿದವರು ಹಾನಗಲ್ಲ ವಿರಕ್ತಮಠದ ಶ್ರೀ ಕುಮಾರ ಮಹಾಸ್ವಾಮಿಗಳವರು (1867-1930). 1904ರಲ್ಲಿ ಅಖಿಲ ಭಾರತ ವೀರಶೈವ ಮಹಾಸಭೆಯನ್ನೂ, 1909ರಲ್ಲಿ ಬಾದಾಮಿಯ ಸಮೀಪ ಮಲಪ್ರಭೆಯ ದಂಡೆಯ ಮೇಲೆ ಶಿವಯೋಗಮಂದಿರವನ್ನೂ ಸ್ಥಾಪಿಸಿದ ಆ ಮಹನೀಯರು ಬಾಲಕರನ್ನು ಕಂಡು ಕನಿಕರಪಟ್ಟು ಅಷ್ಟಕ್ಕೇ ಸುಮ್ಮನಾಗಲಿಲ್ಲ. ತಮ್ಮ ಆಶ್ರಯಕ್ಕೆ ಕರೆತಂದು ಸಂಗೀತ ಶಿಕ್ಷಣಕ್ಕೆ ಏರ್ಪಾಡು ಮಾಡಿದರು. ಗದಿಗೆಯ್ಯನವರು ಮೈಸೂರಿನಲ್ಲಿ ಕರ್ನಾಟಕ ಸಂಗೀತವನ್ನೂ, ಬಳಿಕ ನೀಲಕಂಠಬುವಾ ಮಿರಜಕರ ಅವರಲ್ಲಿ ಹಿಂದೂಸ್ತಾನಿ ಸಂಗೀತವನ್ನೂ ಅಭ್ಯಾಸ ಮಾಡಿದರು. ಎರಡೂ ಪದ್ಧತಿಗಳಲ್ಲಿ ಪರಿಣತರಾದ ಅವರು ಪಂಚಾಕ್ಷರಿ ಗವಾಯಿಗಳೆಂದು ಪ್ರಸಿದ್ಧರಾದರು. ಕಣ್ಣಿನ ದಾರಿ ಮುಚ್ಚಿದ್ದ ಮಗುವಿಗೆ ಕಿವಿಯ ದಾರಿಯಿಂದ ವಿದ್ಯೆ ನೀಡಬಹುದೆಂಬುದನ್ನು ಶ್ರೀಗಳವರು ಹೀಗೆ ಕಾರ್ಯತಃ ತೋರಿಸಿಕೊಟ್ಟರು.

ಇಷ್ಟು ವಿದ್ಯೆಯನ್ನು ಗಳಿಸಿದವರು ಅರಮನೆಗಳ ಆಶ್ರಯವನ್ನೋ ಕಚೇರಿಗಳ ಸಂಭಾವನೆಯನ್ನೋ ಅರಸಿ ಹೋಗಬಹುದಿತ್ತು. ಗವಾಯಿಗಳವರು ಬ್ರಹ್ಮಚರ್ಯವನ್ನು ಸ್ವೀಕರಿಸಿ, ತಮಗೆ ದೊರೆತ ವಿದ್ಯೆಯನ್ನು ತಮ್ಮಂತಹ ಮಕ್ಕಳಿಗೆ ಧಾರೆಯೆರೆಯುವುದನ್ನೇ ಬಾಳಿನ ವ್ರತವಾಗಿಸಿಕೊಂಡರು. ಅವರ ಪಾಠಶಾಲೆಗೆ ಬಹುಕಾಲ ಸ್ವಂತ ಸೂರಿರಲಿಲ್ಲ. ಶಿಷ್ಯರ ಸಮೂಹವನ್ನು ಕಟ್ಟಿಕೊಂಡು ಅವರು ಊರಿಂದೂರಿಗೆ ಸಂಚರಿಸಿದರು. ಭಕ್ತರು ಕೊಟ್ಟ ಕಾಳುಕಡಿಯೇ ಅನ್ನ, ಗುಡಿಮಠಗಳ ಅಂಗಳವೇ ತರಗತಿ. ಅಂಧರು, ಅನಾಥರು, ಬಡವರು ಎಂದು ಬಂದ ಯಾವ ಮಗುವಿಗೂ ಅನ್ನವನ್ನಾಗಲಿ ಪಾಠವನ್ನಾಗಲಿ ಅವರು ನಿರಾಕರಿಸಲಿಲ್ಲ. ಮಕ್ಕಳ ಸಂಖ್ಯೆ ಬೆಳೆದಂತೆ ಖರ್ಚೂ ಬೆಳೆಯಿತು. ಅದಕ್ಕಾಗಿ ನಾಟಕ ಮಂಡಳಿಯೊಂದನ್ನು ಕಟ್ಟಿದರು. ರಂಗಭೂಮಿಯು ಶಿಷ್ಯರಿಗೆ ಅಭ್ಯಾಸದ ನೆಲೆಯೂ ಆಶ್ರಮಕ್ಕೆ ಜೀವನೋಪಾಯವೂ ಆಯಿತು. ಕೊನೆಗೆ ಗದಗಿನಲ್ಲಿ ಬಸರಿಗಿಡದ ವೀರಪ್ಪನವರಂತಹ ಉದಾರಿಗಳ ನೆರವಿನಿಂದ ಶ್ರೀ ವೀರೇಶ್ವರ ಪುಣ್ಯಾಶ್ರಮ ನೆಲೆಯೂರಿತು. ಒಬ್ಬ ದಾನಿಯ ಸೂರು ಎಷ್ಟು ತಲೆಮಾರುಗಳಿಗೆ ನೆರಳಾಗಬಲ್ಲದೆಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಈ ಗುರುಕುಲದ ಬೋಧನಾಕ್ರಮವು ಶಿಕ್ಷಕರಾದ ನಮಗೆ ವಿಚಾರಾರ್ಹವಾದುದು. ಭಾರತೀಯ ಭಾಷೆಗಳಿಗೆಲ್ಲ ಹೊಂದುವ ಭಾರತಿ ಬ್ರೈಲ್ ಲಿಪಿ ಅಂಗೀಕೃತವಾದುದು 1951ರಲ್ಲಿ. ಗವಾಯಿಗಳವರು ಲಿಂಗೈಕ್ಯರಾಗಿ ಏಳು ವರ್ಷಗಳ ಬಳಿಕ. ಹೀಗಾಗಿ ಅವರ ಕಾಲದ ಪಾಠವೆಲ್ಲ ಬಾಯಿಂದ ಕಿವಿಗೆ, ಕೈಯಿಂದ ಕೈಗೆ ಸಾಗಿದ ಪಾಠ. ಸ್ವರವನ್ನು ಹಾಡಿ ಕೇಳಿಸುವುದು, ಶಿಷ್ಯನಿಂದ ಹಾಡಿಸುವುದು, ತಪ್ಪಿದೆಡೆ ನಿಂತು ಮತ್ತೆ ಹಾಡಿಸುವುದು, ವಾದ್ಯದ ಮೇಲೆ ಬೆರಳಿನ ನೆಲೆಯನ್ನು ಮುಟ್ಟಿ ತೋರಿಸುವುದು, ಇವೇ ಅದರ ಸಾಧನಗಳು. ಈ ಕ್ರಮದಲ್ಲಿ ಪ್ರತಿಯೊಬ್ಬ ಶಿಷ್ಯನ ಗತಿಯೂ ಗುರುವಿಗೆ ತಿಳಿದಿರಲೇಬೇಕು. ಕಣ್ಣುಳ್ಳವರೂ ಇಲ್ಲದವರೂ ಅಲ್ಲಿ ಜೊತೆಯಾಗಿ ಕಲಿತರು. ಮುಂದೆ ಪದ್ಮಭೂಷಣರಾದ ಬಸವರಾಜ ರಾಜಗುರುಗಳು ಕಣ್ಣುಳ್ಳವರು. ಅವರಿಗೆ ವಿದ್ಯೆಯಿತ್ತ ಗುರು ಅಂಧರು. ಸಿದ್ಧರಾಮ ಜಂಬಲದಿನ್ನಿ, ಅರ್ಜುನಸಾ ನಾಕೋಡ ಮುಂತಾದ ಹೆಸರಾಂತ ಕಲಾವಿದರೂ ಇದೇ ಮಡಿಲಲ್ಲಿ ಬೆಳೆದವರು.

1944ರ ಜೂನ್ 11ರಂದು ಗವಾಯಿಗಳವರು ಲಿಂಗೈಕ್ಯರಾದರು. ಆಗ ಅವರಿಗೆ 52 ವರ್ಷ. ನಿಶ್ಚಿತ ಉತ್ಪನ್ನವಿಲ್ಲದ ಆಶ್ರಮ, ಹಸಿದ ಮಕ್ಕಳು, ಗುರುವಿಲ್ಲದ ಪೀಠ. ಆ ಭಾರವನ್ನು ಹೊತ್ತವರು ಮೂವತ್ತು ವರ್ಷದ ಶಿಷ್ಯರಾದ ಪುಟ್ಟರಾಜ ಗವಾಯಿಗಳವರು. 1914ರಲ್ಲಿ ಜನಿಸಿ ಶೈಶವದಲ್ಲಿಯೇ ದೃಷ್ಟಿಯನ್ನು ಕಳೆದುಕೊಂಡಿದ್ದ ಅವರು ಗುರುವಿನ ಕೈಯಲ್ಲಿ ಗಾಯಕರೂ ವಾದಕರೂ ಆಗಿ, ಕನ್ನಡ, ಸಂಸ್ಕೃತ, ಹಿಂದಿ ಭಾಷೆಗಳಲ್ಲಿ ಗ್ರಂಥಗಳನ್ನು ರಚಿಸುವ ಪಂಡಿತರೂ ಆಗಿದ್ದರು. 2010ರ ಸೆಪ್ಟೆಂಬರ್ 17ರಂದು ಲಿಂಗೈಕ್ಯರಾಗುವವರೆಗೆ, 66 ವರ್ಷಗಳ ಕಾಲ ಅವರು ಆಶ್ರಮವನ್ನು ನಡೆಸಿದರು. ಅಲ್ಲಿ ಕಲಿತವರನೇಕರು ಸಂಗೀತ ಶಿಕ್ಷಕರಾಗಿ ನಾಡಿನ ಶಾಲೆಗಳಿಗೆ ಹೋದರು. ಕಲಿಯಲಾರನೆಂದು ಲೋಕವು ಕೈಬಿಟ್ಟ ಮಗುವನ್ನು ಕಲಿಸಬಲ್ಲವನನ್ನಾಗಿ ಮಾಡಿದುದೇ ಪಂಚಾಕ್ಷರಿ ಗವಾಯಿಗಳವರ ಬಾಳಿನ ಪರಮ ಸಾಧನೆ.

ಅವರು ಬಾಳಿನಲ್ಲಿ ಕಂಡುಕೊಂಡುದನ್ನು ಇಂದು ಕಾನೂನೂ ಹೇಳುತ್ತಿದೆ. 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮವು 21 ಬಗೆಯ ನ್ಯೂನತೆಗಳನ್ನು ಗುರುತಿಸಿದ್ದು, ಓದುಬರಹದ ಕಲಿಕೆಯ ತೊಡಕು ಮತ್ತು ಸ್ವಲೀನತೆಗಳೂ ಅವುಗಳಲ್ಲಿ ಸೇರಿವೆ. ಇಂಥ ಮಕ್ಕಳಿಗೆ ಕಲಿಸಲು ಶಿಕ್ಷಕರನ್ನು ತರಬೇತುಗೊಳಿಸಬೇಕೆಂದೂ, ಬ್ರೈಲ್ ಮತ್ತು ಸಂಜ್ಞಾಭಾಷೆ ಬಲ್ಲ ವಿಕಲಚೇತನರನ್ನೇ ಶಿಕ್ಷಕರಾಗಿ ನೇಮಿಸಿಕೊಳ್ಳಬೇಕೆಂದೂ ಅದು ವಿಧಿಸುತ್ತದೆ. ಆದರೆ ಆಜ್ಞೆಯೊಂದರಿಂದಲೇ ತರಗತಿ ಬದಲಾಗದು. ಹಲಗೆಯ ಮೇಲೆ ಬರೆದುದನ್ನು ದೃಷ್ಟಿಮಂದನಾದ ಮಗುವಿಗಾಗಿ ಗಟ್ಟಿಯಾಗಿ ಓದುವುದು, ಕಿವಿ ಮಂದವಾದ ಮಗುವಿಗೆ ಮುಖ ಕೊಟ್ಟು ಮಾತನಾಡುವುದು, ಅಕ್ಷರಗಳು ತಿರುಗುಮುರುಗಾಗುವ ಮಗುವಿನಿಂದ ಮರಳಿನ ಮೇಲೆ ಬೆರಳಾಡಿಸಿ ಬರೆಸುವುದು, ಲೆಕ್ಕ ಹಿಡಿಯದವನ ಕೈಗೆ ಹುಣಸೆಬೀಜ ಕೊಡುವುದು, ಬರೆಯಲಾರದವನ ಉತ್ತರವನ್ನು ಬಾಯಿಂದ ಕೇಳುವುದು: ಇವು ಹೆಚ್ಚಿನ ಹಣವನ್ನು ಬೇಡುವ ಕಾರ್ಯಗಳಲ್ಲ. ಶಿಕ್ಷಕರಿಗೆ ಇವುಗಳ ಅಭ್ಯಾಸ ಬೇಕು. ಅಭ್ಯಾಸಕ್ಕೆ ಸಮಯ ಬೇಕು. ಆ ಸಮಯವನ್ನು ಆಡಳಿತ ಮಂಡಳಿ ಒದಗಿಸಿಕೊಡಬೇಕು.

ದಾನಿಗಳು ಕೊಠಡಿ ಕಟ್ಟಿಸುವಾಗ ಒಬ್ಬ ಶಿಕ್ಷಕರ ತರಬೇತಿಯ ವೆಚ್ಚವನ್ನೂ ವಹಿಸಿಕೊಂಡರೆ ಅದೂ ದಾಸೋಹವೇ. ಹಳೆಯ ವಿದ್ಯಾರ್ಥಿಗಳು ವಾರಕ್ಕೊಮ್ಮೆ ಬಂದು ಒಂದು ಮಗುವಿಗೆ ಪಾಠ ಓದಿ ಹೇಳಿದರೆ ಅದೂ ದಾಸೋಹವೇ. ಕಾಡಶೆಟ್ಟಿಹಳ್ಳಿಯ ಆ ಬಾಲಕರ ಹಾಡನ್ನು ಅಂದು ಒಬ್ಬರು ನಿಂತು ಆಲಿಸದೆ ಮುಂದೆ ಸಾಗಿದ್ದರೆ ಗದಗಿನ ಪುಣ್ಯಾಶ್ರಮವೇ ಇರುತ್ತಿರಲಿಲ್ಲ. ನಮ್ಮ ತರಗತಿಗಳ ಹಿಂದಿನ ಸಾಲಿನಲ್ಲಿ ಮೌನವಾಗಿ ಕುಳಿತ ಮಗುವಿನ ಬಳಿ ನಿಂತು ಆಲಿಸುವ ವ್ಯವಧಾನ ನಮಗೆ ಬರಲಿ. ಗಾನಯೋಗಿಗಳವರ ಪುಣ್ಯಸ್ಮರಣೆಗೆ ಅದೇ ತಕ್ಕ ಕಾಣಿಕೆ.