ನರರೋಗಗಳಿಗೆ ಹೆಸರು ನೀಡಿದ ವೈದ್ಯ: ಡಾ. ಜಾನ್ ಮಾರ್ಟಿನ್ ಶಾರ್ಕೋ (1825–1893)

ವಿಕಲಚೇತನ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ, 2016ರ ಅನುಸೂಚಿಯಲ್ಲಿ ಒಟ್ಟು 21 ಬಗೆಯ ಅಂಗವಿಕಲತೆಗಳನ್ನು ಗುರುತಿಸಲಾಗಿದೆ. ಇವುಗಳ ಪೈಕಿ ದೀರ್ಘಕಾಲೀನ ನರರೋಗಗಳಿಂದ ಉಂಟಾಗುವ ಅಂಗವಿಕಲತೆ ಎಂಬ ಶೀರ್ಷಿಕೆಯಡಿ ಮಲ್ಟಿಪಲ್ ಸ್ಕ್ಲಿರೋಸಿಸ್ ಹಾಗೂ ಪಾರ್ಕಿನ್ಸನ್ ಕಾಯಿಲೆಗಳನ್ನು ಹೆಸರಿಸಲಾಗಿದೆ. 1995ರ ಹಿಂದಿನ ಅಧಿನಿಯಮದಲ್ಲಿದ್ದ 7 ವರ್ಗಗಳಲ್ಲಿ ಈ ಎರಡೂ ಹೆಸರುಗಳು ಇರಲಿಲ್ಲ. ಅಂಗವಿಕಲತೆಯ ಪ್ರಮಾಣಪತ್ರಕ್ಕಾಗಿ ಅರ್ಜಿ ಸಲ್ಲಿಸುವವರು ತಮ್ಮ ವೈದ್ಯಕೀಯ ದಾಖಲೆಗಳಲ್ಲಿ ಕಾಣುವ ಈ ಹೆಸರುಗಳ ಹಿಂದೆ ಸುಮಾರು ನೂರೈವತ್ತು ವರ್ಷಗಳಿಗೂ ಮೀರಿದ ಇತಿಹಾಸವಿದೆ. ಆ ಇತಿಹಾಸದಲ್ಲಿ ಪ್ರಮುಖ ಪಾತ್ರ ವಹಿಸಿದ ಫ್ರಾನ್ಸ್ ದೇಶದ ವೈದ್ಯ ಡಾ. ಶಾರ್ಕೋರವರ ಜೀವನ ಪರಿಚಯವನ್ನು ಸಾರ್ವಜನಿಕರ ಮಾಹಿತಿಗಾಗಿ ಇಲ್ಲಿ ನೀಡಲಾಗಿದೆ.

ಜನನ ಮತ್ತು ವಿದ್ಯಾಭ್ಯಾಸ

ಜಾನ್ ಮಾರ್ಟಿನ್ ಶಾರ್ಕೋರವರು 1825ನೇ ನವೆಂಬರ್ 29ರಂದು ಪ್ಯಾರಿಸ್ ನಗರದಲ್ಲಿ ಜನಿಸಿದರು. ಇವರ ತಂದೆ ಕುದುರೆ ಸಾರೋಟುಗಳನ್ನು ತಯಾರಿಸುವ ವೃತ್ತಿಯವರು. ಬಾಲ್ಯದಿಂದಲೂ ಚಿತ್ರಕಲೆಯಲ್ಲಿ ಆಸಕ್ತಿ ಹೊಂದಿದ್ದ ಶಾರ್ಕೋರವರು ವೈದ್ಯ ವೃತ್ತಿಯನ್ನು ಆರಿಸಿಕೊಂಡರಾದರೂ, ನೋಡಿದ್ದನ್ನು ಗೆರೆಗಳಲ್ಲಿ ಹಿಡಿದಿಡುವ ಅಭ್ಯಾಸವನ್ನು ಕೊನೆಯವರೆಗೂ ಬಿಡಲಿಲ್ಲ. ರೋಗಿಯ ನಿಲುವು, ಕೈಬೆರಳುಗಳ ವಕ್ರತೆ, ನಡಿಗೆಯ ರೀತಿ ಇವೆಲ್ಲವೂ ಅವರ ಟಿಪ್ಪಣಿಗಳಲ್ಲಿ ಚಿತ್ರಗಳಾಗಿ ಮೂಡಿವೆ.

1853ರಲ್ಲಿ ಅವರು ಸಲ್ಲಿಸಿದ ವೈದ್ಯಕೀಯ ಪ್ರಬಂಧವು ಕೀಲುಗಳ ಕಾಯಿಲೆಗೆ ಸಂಬಂಧಿಸಿದ್ದಾಗಿತ್ತು. ಗೌಟ್ ಎಂಬ ಕೀಲುನೋವು ಹಾಗೂ ದೀರ್ಘಕಾಲ ಕಾಡುವ ಸಂಧಿವಾತ ಇವೆರಡೂ ಬೇರೆ ಬೇರೆ ಎಂಬುದನ್ನು ಅವರು ಸದರಿ ಪ್ರಬಂಧದಲ್ಲಿ ವಿವರಿಸಿದರು. ಅವರು ವಿವರಿಸಿದ ಎರಡನೆಯ ಕಾಯಿಲೆಯನ್ನು ಇಂದು ರುಮಟಾಯ್ಡ್ ಸಂಧಿವಾತ ಎಂದು ಕರೆಯಲಾಗುತ್ತಿದೆ. ಹೊರಗಿನ ರೋಗಾಣುಗಳನ್ನು ಎದುರಿಸಬೇಕಾದ ರೋಗನಿರೋಧಕ ವ್ಯವಸ್ಥೆಯು ತನ್ನದೇ ದೇಹದ ಮೇಲೆ ತಿರುಗಿಬೀಳುವುದರಿಂದ ಬರುವ ಕಾಯಿಲೆಗಳ ಸಾಲಿಗೆ ಇದು ಸೇರುತ್ತದೆ. ಆದರೆ ಅಂಥದೊಂದು ಕಾರಣವಿರಬಹುದೆಂಬ ಕಲ್ಪನೆ ಆ ಕಾಲದ ವೈದ್ಯಶಾಸ್ತ್ರಕ್ಕೆ ಇರಲಿಲ್ಲ.

ಸಾಲ್ಪೆಟ್ರಿಯೇರ್ ಆಸ್ಪತ್ರೆ

ಪ್ಯಾರಿಸ್ಸಿನ ಸಾಲ್ಪೆಟ್ರಿಯೇರ್ ಎಂಬಲ್ಲಿ ಮೊದಲಿಗೆ ಕೋವಿಮದ್ದಿಗೆ ಬೇಕಾದ ಪೆಟ್ಲುಪ್ಪಿನ ಕಾರ್ಖಾನೆಯಿತ್ತು. ಆ ಹೆಸರು ಬಂದದ್ದೇ ಅದರಿಂದ. 1656ರಲ್ಲಿ ಹದಿನಾಲ್ಕನೇ ಲೂಯಿ ದೊರೆಯ ಆಜ್ಞೆಯಂತೆ ಅದು ಬಡ ಹಾಗೂ ನಿರ್ಗತಿಕ ಮಹಿಳೆಯರನ್ನು ಇರಿಸುವ ಸ್ಥಳವಾಯಿತು. 1862ರಲ್ಲಿ ಶಾರ್ಕೋರವರು ಅಲ್ಲಿನ ವೈದ್ಯರಾಗಿ ನೇಮಕಗೊಂಡಾಗ ಸುಮಾರು 5000 ಮಂದಿ ಅಲ್ಲಿದ್ದರು. ವೃದ್ಧೆಯರು, ನಡುಕದವರು, ಮೂರ್ಛೆರೋಗದವರು, ಪಾರ್ಶ್ವವಾಯು ಪೀಡಿತರು, ಬುದ್ಧಿಭ್ರಮಣೆಯವರು ಒಟ್ಟೊಟ್ಟಿಗೆ ಇದ್ದ ಆ ಸಂಸ್ಥೆಯಲ್ಲಿ ಹಲವರಿಗೆ ಯಾವ ಕಾಯಿಲೆ ಎಂಬುದೇ ದಾಖಲಾಗಿರಲಿಲ್ಲ. ಹೆಸರು ಮಾಡಬಯಸುವ ವೈದ್ಯರು ಅಲ್ಲಿ ಹೆಚ್ಚು ಕಾಲ ಉಳಿಯುತ್ತಿರಲಿಲ್ಲ.

ಶಾರ್ಕೋರವರು ಮತ್ತು ಅವರ ಸಹೋದ್ಯೋಗಿ ಡಾ. ವುಲ್ಪಿಯಾನ್‌ರವರು ಒಂದೊಂದೇ ವಾರ್ಡಿಗೆ ಹೋಗಿ ಅಲ್ಲಿದ್ದವರನ್ನು ಪರೀಕ್ಷಿಸಿ, ಪ್ರತಿಯೊಬ್ಬರ ವಿವರವನ್ನು ಬರೆದಿಡಲು ಆರಂಭಿಸಿದರು. ಆ ಮಹಿಳೆಯರಲ್ಲಿ ಅನೇಕರು ಜೀವಿತಾವಧಿಯವರೆಗೂ ಅಲ್ಲಿಯೇ ಇರುತ್ತಿದ್ದುದರಿಂದ ಕಾಯಿಲೆಯ ಗತಿಯನ್ನು ವರ್ಷಗಟ್ಟಲೆ ಗಮನಿಸಲು ಸಾಧ್ಯವಾಯಿತು. ಮರಣಾನಂತರ ಮಿದುಳು ಹಾಗೂ ಬೆನ್ನುಹುರಿಯನ್ನು ಸೂಕ್ಷ್ಮದರ್ಶಕದಲ್ಲಿ ಪರಿಶೀಲಿಸಿ, ಬದುಕಿದ್ದಾಗ ಕಂಡ ಲಕ್ಷಣಗಳೊಂದಿಗೆ ಹೋಲಿಸಲಾಗುತ್ತಿತ್ತು. ಶಾರ್ಕೋರವರ ಕಾರ್ಯವಿಧಾನದ ತಿರುಳು ಇದೇ ಆಗಿತ್ತು. ಇದರಿಂದ ವಿಜ್ಞಾನಕ್ಕೆ ಲಾಭವಾಯಿತೆಂಬುದು ನಿಜ. ಆದರೆ ಈ ಜ್ಞಾನವು ಮನೆಗೆ ಹಿಂದಿರುಗಲು ದಾರಿಯಿಲ್ಲದ ಬಡ ಮಹಿಳೆಯರ ದೇಹಗಳಿಂದ ದೊರೆತದ್ದೆಂಬುದನ್ನೂ ಹೇಳಬೇಕಾಗುತ್ತದೆ.

ಎರಡು ನಡುಕಗಳು

ಕೈ ನಡುಗುವವರೆಲ್ಲರನ್ನೂ ಒಂದೇ ಕಾಯಿಲೆಯವರೆಂದು ಪರಿಗಣಿಸುತ್ತಿದ್ದ ಕಾಲವದು. ಕೆಲವರ ಕೈ ತೊಡೆಯ ಮೇಲೆ ಸುಮ್ಮನಿದ್ದಾಗ ನಡುಗುತ್ತದೆ; ಇನ್ನು ಕೆಲವರ ಕೈ ಸುಮ್ಮನಿದ್ದಾಗ ಸ್ಥಿರವಾಗಿದ್ದು, ನೀರಿನ ಲೋಟವನ್ನು ಬಾಯಿಗೆ ಒಯ್ಯುವಾಗ ಮಾತ್ರ ನಡುಗುತ್ತದೆ ಎಂಬ ವ್ಯತ್ಯಾಸವನ್ನು ಶಾರ್ಕೋರವರು ಸ್ಪಷ್ಟವಾಗಿ ಎತ್ತಿ ತೋರಿಸಿದರು.

ಎರಡನೆಯ ಗುಂಪಿನ ರೋಗಿಗಳ ಮಿದುಳು ಮತ್ತು ಬೆನ್ನುಹುರಿಯಲ್ಲಿ ಅಲ್ಲಲ್ಲಿ ಗಡಸಾದ ತೇಪೆಗಳು ಕಂಡುಬಂದವು. ಇಂತಹ ತೇಪೆಗಳನ್ನು ಅವರಿಗಿಂತ ಹಿಂದಿನ ಕೆಲವು ವೈದ್ಯರೂ ನೋಡಿ ಚಿತ್ರಿಸಿದ್ದರು. ಅವುಗಳನ್ನು ಜೀವಂತ ರೋಗಿಯ ಲಕ್ಷಣಗಳಿಗೆ ಜೋಡಿಸಿ, 1868ರಲ್ಲಿ ಪ್ರತ್ಯೇಕ ಕಾಯಿಲೆಯೆಂದು ಸ್ಥಾಪಿಸಿದವರು ಶಾರ್ಕೋರವರು. ಕಣ್ಣುಗುಡ್ಡೆಗಳು ತಾವಾಗಿಯೇ ಅಲುಗಾಡುವುದು, ಕೆಲಸ ಮಾಡಹೋದಾಗ ಬರುವ ನಡುಕ, ಅಕ್ಷರಗಳನ್ನು ಬಿಡಿಬಿಡಿಯಾಗಿ ಉಚ್ಚರಿಸುವ ನಿಧಾನದ ಮಾತು ಎಂಬ ಮೂರು ಲಕ್ಷಣಗಳನ್ನು ಅವರು ಮುಖ್ಯವಾಗಿ ಗುರುತಿಸಿದರು. ಇದೇ ಮಲ್ಟಿಪಲ್ ಸ್ಕ್ಲಿರೋಸಿಸ್. ನರತಂತುಗಳ ಮೇಲಿನ ಮಯಲಿನ್ ಎಂಬ ಹೊದಿಕೆಯು ನಾಶವಾಗಿದ್ದರೂ ಒಳಗಿನ ತಂತುಗಳು ಬಹುಮಟ್ಟಿಗೆ ಉಳಿದಿರುವುದನ್ನೂ ಅವರು ಗಮನಿಸಿದ್ದರು. ಸಿಲ್ವರ್ ನೈಟ್ರೇಟ್, ಸ್ಟ್ರಿಕ್ನೀನ್ ಮೊದಲಾದ ಔಷಧಗಳನ್ನು ಪ್ರಯೋಗಿಸಿದರೂ ಫಲ ದೊರೆಯಲಿಲ್ಲ.

ಈ ಸಂಬಂಧ ಒಂದು ಪ್ರಸಂಗವನ್ನು ಅವರ ಶಿಷ್ಯ ಸಿಗ್ಮಂಡ್ ಫ್ರಾಯ್ಡ್‌ರವರು 1893ರ ಸ್ಮರಣ ಲೇಖನದಲ್ಲಿ ದಾಖಲಿಸಿದ್ದಾರೆ. ವೈದ್ಯ ಜೀವನದ ಆರಂಭದಲ್ಲಿ ಶಾರ್ಕೋರವರ ಮನೆಯಲ್ಲಿ ಕೈನಡುಕವಿದ್ದ ಮಹಿಳೆಯೊಬ್ಬರು ಕೆಲಸಕ್ಕಿದ್ದರು. ತಟ್ಟೆ ಬಟ್ಟಲುಗಳು ಆಗಾಗ ಕೈಜಾರಿ ಒಡೆಯುತ್ತಿದ್ದು, ವರ್ಷಗಳ ಅವಧಿಯಲ್ಲಿ ಸಾಕಷ್ಟು ಹಣವೇ ನಷ್ಟವಾದರೂ ಅವರು ಆಕೆಯನ್ನು ಕೆಲಸದಿಂದ ತೆಗೆಯಲಿಲ್ಲ. ಆಕೆಯ ಮರಣಾನಂತರ ನಡೆಸಿದ ಪರೀಕ್ಷೆಯಲ್ಲಿ ಮೇಲ್ಕಂಡ ಗಡಸು ತೇಪೆಗಳೇ ಕಂಡುಬಂದವು. ಇದನ್ನು ದಯೆ ಎನ್ನಬೇಕೋ ಕುತೂಹಲ ಎನ್ನಬೇಕೋ ನಿರ್ಧರಿಸುವುದು ಕಷ್ಟ; ಎರಡೂ ಇದ್ದಿರಬಹುದು.

ಮೊದಲನೆಯ ಗುಂಪಿನ ಕಾಯಿಲೆಯನ್ನು ಲಂಡನ್ನಿನ ವೈದ್ಯ ಡಾ. ಜೇಮ್ಸ್ ಪಾರ್ಕಿನ್ಸನ್‌ರವರು 1817ರಲ್ಲಿಯೇ 6 ಜನರ ವಿವರಗಳೊಂದಿಗೆ ಕಿರುಪುಸ್ತಕವೊಂದರಲ್ಲಿ ಪ್ರಕಟಿಸಿದ್ದರು. ನಡುಕದ ಪಾರ್ಶ್ವವಾಯು ಎಂಬರ್ಥದ ಹಳೆಯ ಹೆಸರು ಸರಿಯಲ್ಲವೆಂದು ಶಾರ್ಕೋರವರು ತಿಳಿಸಿದರು. ಈ ರೋಗಿಗಳೆಲ್ಲರಿಗೂ ನಡುಕವಿರುವುದಿಲ್ಲ, ಅವರ ಸ್ನಾಯುಗಳ ಬಲವೂ ಕುಂದಿರುವುದಿಲ್ಲ; ಬಿಗಿತ ಹಾಗೂ ಚಲನೆಯ ನಿಧಾನಗತಿಯೇ ಅವರನ್ನು ಬಾಧಿಸುತ್ತದೆ ಎಂಬುದು ಅವರ ನಿಲುವು. ಆದ್ದರಿಂದ ಕಾಯಿಲೆಯನ್ನು ಮೊದಲು ವಿವರಿಸಿದವರ ಹೆಸರಿನಿಂದಲೇ ಕರೆಯಬೇಕೆಂದು ಸೂಚಿಸಿದರು. ರೈಲು ಮತ್ತು ಗಾಡಿಯ ಪ್ರಯಾಣದ ನಂತರ ತಮಗೆ ಹಿತವೆನಿಸುತ್ತದೆಂದು ಕೆಲವು ರೋಗಿಗಳು ಹೇಳಿದ್ದನ್ನು ನಂಬಿ, ಅಲುಗಾಡುವ ವಿಶೇಷ ಕುರ್ಚಿಯೊಂದನ್ನೂ ಮಾಡಿಸಿದ್ದರು. 2012ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ ಅಂತಹ ಅಲುಗಾಟಕ್ಕೆ ಸಾಮಾನ್ಯ ಕುರ್ಚಿಗಿಂತ ಹೆಚ್ಚಿನ ಗುಣ ಕಂಡುಬರಲಿಲ್ಲ.

ಕಾಯಿಲೆಯಲ್ಲ ಎನಿಸಿಕೊಂಡ ಕಾಯಿಲೆ

1865ರಲ್ಲಿ ಶಾರ್ಕೋರವರು ವೈದ್ಯರ ಸಭೆಯೊಂದರಲ್ಲಿ ಯುವತಿಯೊಬ್ಬಳ ವಿವರಗಳನ್ನು ಮಂಡಿಸಿದರು. ಆಕೆಯ ಕೈಕಾಲುಗಳು ಬಲಹೀನಗೊಂಡು ಸೆಟೆದುಕೊಂಡಿದ್ದವು. ಹಿಸ್ಟೀರಿಯಾ, ಅಂದರೆ ಶರೀರದಲ್ಲಿ ಯಾವ ದೋಷವೂ ಕಾಣದ ಮನೋವಿಕಾರವೆಂದೇ ಆಕೆಯ ಸ್ಥಿತಿಯನ್ನು ಭಾವಿಸಲಾಗಿತ್ತು. ಮರಣೋತ್ತರ ಪರೀಕ್ಷೆಯಲ್ಲಿ ಆಕೆಯ ಬೆನ್ನುಹುರಿಯ ಎರಡೂ ಪಾರ್ಶ್ವಗಳು ಗಡಸುಗಟ್ಟಿದ್ದುದು ಪತ್ತೆಯಾಯಿತು. ಡಾ. ಝೊಫ್ರುವಾರವರೊಂದಿಗೆ 1869ರಲ್ಲಿ ನಡೆಸಿದ ಅಧ್ಯಯನದ ನಂತರ, 1874ರ ವೇಳೆಗೆ ಅವರು ಈ ಕಾಯಿಲೆಯ ಸಮಗ್ರ ಚಿತ್ರಣವನ್ನು ನೀಡಿ, ಅಮಯೋಟ್ರೋಫಿಕ್ ಲ್ಯಾಟರಲ್ ಸ್ಕ್ಲಿರೋಸಿಸ್ ಎಂದು ಹೆಸರಿಸಿದರು. ಎ.ಎಲ್.ಎಸ್. ಎಂಬ ಹ್ರಸ್ವನಾಮದ ಈ ಕಾಯಿಲೆಯಲ್ಲಿ ಸ್ನಾಯುಗಳನ್ನು ನಡೆಸುವ ನರಕೋಶಗಳು ಒಂದೊಂದಾಗಿ ನಶಿಸುತ್ತವೆ. ಫ್ರಾನ್ಸ್‌ನಲ್ಲಿ ಇಂದಿಗೂ ಇದನ್ನು ಶಾರ್ಕೋ ಕಾಯಿಲೆ ಎಂದೇ ಕರೆಯುತ್ತಾರೆ.

ಅರ್ಜಿದಾರರ ಗಮನಕ್ಕೆ: 2016ರ ಅಧಿನಿಯಮದ ಅನುಸೂಚಿಯಲ್ಲಿ ಎ.ಎಲ್.ಎಸ್. ಹೆಸರು ಪ್ರತ್ಯೇಕವಾಗಿ ನಮೂದಾಗಿಲ್ಲ. ಆದರೆ ದೀರ್ಘಕಾಲೀನ ನರರೋಗಗಳ ಶೀರ್ಷಿಕೆಯಡಿ ನೀಡಲಾಗಿರುವ 2 ಹೆಸರುಗಳು ಉದಾಹರಣೆಯ ರೂಪದಲ್ಲಿರುತ್ತವೆ.

ಬೋಧಕರಾಗಿ

1882ರಲ್ಲಿ ನರಮಂಡಲದ ಕಾಯಿಲೆಗಳಿಗಾಗಿಯೇ ಪ್ರಾಧ್ಯಾಪಕ ಹುದ್ದೆಯೊಂದನ್ನು ಸೃಜಿಸಿ ಶಾರ್ಕೋರವರನ್ನು ನೇಮಿಸಲಾಯಿತು. ಅವರ ಮಂಗಳವಾರದ ಮತ್ತು ಶುಕ್ರವಾರದ ಪಾಠಗಳಿಗೆ ಹೊರದೇಶಗಳಿಂದಲೂ ವೈದ್ಯರು ಬರುತ್ತಿದ್ದರು. ಬಾಬಿನ್‌ಸ್ಕಿ, ಪಿಯರ್ ಮರೀ, ಝಿಲ್ ದ ಲಾ ಟೂರೆಟ್ ಅವರ ಶಿಷ್ಯರು. ಫ್ರಾಯ್ಡ್‌ರವರು 1885–86ರಲ್ಲಿ ಕೆಲವು ತಿಂಗಳು ಅಲ್ಲಿದ್ದು ಕಲಿತರು. ರೋಗಿಯನ್ನು ತಮ್ಮ ಕೊಠಡಿಗೆ ಕರೆಸಿಕೊಂಡು, ಏನನ್ನೂ ಮಾತನಾಡದೆ ಬಹಳ ಹೊತ್ತು ನೋಡುತ್ತಿರುವುದು ಶಾರ್ಕೋರವರ ರೂಢಿಯಾಗಿತ್ತು.

ಕೊನೆಯ ದಶಕಗಳಲ್ಲಿ ಅವರ ಗಮನವೆಲ್ಲ ಹಿಸ್ಟೀರಿಯಾದ ಕಡೆ ಹರಿಯಿತು. ಈ ರೋಗಿಗಳು ನಟಿಸುತ್ತಿಲ್ಲ, ಪುರುಷರಿಗೂ ಈ ತೊಂದರೆ ಬರಬಹುದು ಎಂದು ಅವರು ಹೇಳಿದ್ದು ಆ ಕಾಲಕ್ಕೆ ಮಹತ್ವದ ಮಾತು. ಆದರೆ ಇದಕ್ಕೂ ಮಿದುಳಿನಲ್ಲಿ ನಿಶ್ಚಿತ ಕಾರಣವಿದ್ದು, ನಿಯಮಬದ್ಧ ಹಂತಗಳಿವೆಯೆಂದು ಅವರು ನಂಬಿದರು. ವಶೀಕರಣ ನಿದ್ರೆಗೆ ಒಳಪಡಿಸಿದ ಮಹಿಳೆಯರನ್ನು ತುಂಬಿದ ಸಭೆಯಲ್ಲಿ ಪ್ರದರ್ಶಿಸಲಾಯಿತು. ಅಂತಹ ಒಂದು ಪಾಠದ ದೃಶ್ಯವನ್ನು ಕಲಾವಿದ ಆಂದ್ರೆ ಬ್ರೂಯೇರವರು 1887ರಲ್ಲಿ ದೊಡ್ಡ ಚಿತ್ರವಾಗಿಸಿದ್ದಾರೆ. ಅಲ್ಲಿ ಕಂಡ ಹಂತಗಳು ವೈದ್ಯರ ಸೂಚನೆಯಿಂದಲೇ ಮೂಡಿದವೆಂದು ನಾನ್ಸಿ ನಗರದ ಪ್ರಾಧ್ಯಾಪಕ ಬರ್ನ್‌ಹೈಮ್‌ರವರು ಆಕ್ಷೇಪಿಸಿದರು. ಮುಂದೆ ಬಾಬಿನ್‌ಸ್ಕಿಯವರೂ ಗುರುವಿನ ಈ ಸಿದ್ಧಾಂತವನ್ನು ಕೈಬಿಟ್ಟರು. ಬೆನ್ನುಹುರಿಯ ಕಾಯಿಲೆಗಳಲ್ಲಿ ಅವರನ್ನು ಕಾಪಾಡಿದ್ದು ಮರಣೋತ್ತರ ಪರೀಕ್ಷೆ. ಹಿಸ್ಟೀರಿಯಾದಲ್ಲಿ ಅಂತಹ ತಪಾಸಣೆಗೆ ಅವಕಾಶವೇ ಇರಲಿಲ್ಲ.

ನಿಧನ

ಶಾರ್ಕೋರವರು 1893ನೇ ಆಗಸ್ಟ್ 16ರಂದು ಮೊರ್ವಾನ್ ಪ್ರದೇಶದ ಪ್ರವಾಸದಲ್ಲಿದ್ದಾಗ ನಿಧನರಾದರು. ಆಸ್ಪತ್ರೆಯ ದ್ವಾರದ ಬಳಿ 1898ರಲ್ಲಿ ಸ್ಥಾಪಿಸಲಾದ ಅವರ ಕಂಚಿನ ಪ್ರತಿಮೆಯನ್ನು ಎರಡನೇ ಮಹಾಯುದ್ಧದ ಕಾಲದಲ್ಲಿ ಕರಗಿಸಲಾಯಿತು. ಮಗ ಜಾನ್ ಬ್ಯಾಪ್ಟಿಸ್ಟ್ ಶಾರ್ಕೋರವರು ವೈದ್ಯ ವೃತ್ತಿಯನ್ನು ತೊರೆದು ಧ್ರುವಪ್ರದೇಶಗಳ ಅನ್ವೇಷಕರಾಗಿ ಹೆಸರಾದರು. ತಂದೆಯ ಗ್ರಂಥ ಸಂಗ್ರಹವನ್ನು ಆಸ್ಪತ್ರೆಗೆ ನೀಡಿದರು.

ನಂತರದ ಸಂಶೋಧನೆಗಳು

ಶಾರ್ಕೋರವರು ಕಾಯಿಲೆಗಳು ಎಲ್ಲಿ ನೆಲೆಸಿವೆ ಎಂಬುದನ್ನು ತೋರಿಸಿದರು. ಏಕೆ ಬರುತ್ತವೆ ಎಂಬ ಪ್ರಶ್ನೆ ಮುಂದಿನವರಿಗೆ ಉಳಿಯಿತು. ಪಾರ್ಕಿನ್ಸನ್ ಕಾಯಿಲೆಯಲ್ಲಿ ಮಿದುಳಿನ ಬುಡದ ಕಪ್ಪು ಬಣ್ಣದ ಭಾಗವೊಂದರ ನರಕೋಶಗಳು ನಶಿಸಿರುವುದನ್ನು 1919ರಲ್ಲಿ ಟ್ರೆಟ್ಯಕಾಫ್‌ರವರು ಪ್ಯಾರಿಸ್ಸಿನಲ್ಲಿ ಸಲ್ಲಿಸಿದ ಪ್ರಬಂಧದಲ್ಲಿ ತೋರಿಸಿದರು. ಆ ಕೋಶಗಳು ತಯಾರಿಸುವ ಡೋಪಮೈನ್ ಎಂಬ ರಾಸಾಯನಿಕವು ಈ ರೋಗಿಗಳಲ್ಲಿ ತೀರಾ ಕಡಿಮೆ ಇರುವುದು 1960ರಲ್ಲಿ ತಿಳಿದು, ಲೆವೊಡೋಪ ಚಿಕಿತ್ಸೆಗೆ ದಾರಿಯಾಯಿತು. ಇದೇ ವಸ್ತುವನ್ನು ನಮ್ಮ ಬೇಲಿಗಳಲ್ಲಿ ಬೆಳೆಯುವ ನಸುಗುನ್ನಿ ಬಳ್ಳಿಯ ಬೀಜದಿಂದ ಭಾರತೀಯ ವಿಜ್ಞಾನಿಗಳಾದ ದಾಮೋದರನ್ ಮತ್ತು ರಾಮಸ್ವಾಮಿಯವರು 1937ರಲ್ಲಿಯೇ ಬೇರ್ಪಡಿಸಿದ್ದರು. ಇದನ್ನೋದಿ ಯಾರೂ ಬೀಜವನ್ನು ತಾವಾಗಿ ಸೇವಿಸತಕ್ಕದ್ದಲ್ಲ. ಔಷಧದ ಪ್ರಮಾಣವನ್ನು ವೈದ್ಯರೇ ನಿರ್ಧರಿಸಬೇಕು.

ಮಲ್ಟಿಪಲ್ ಸ್ಕ್ಲಿರೋಸಿಸ್‌ನಲ್ಲಿ ಮಯಲಿನ್ ಹೊದಿಕೆಯನ್ನು ಹಾಳುಗೆಡವುವುದು ರೋಗಿಯ ಸ್ವಂತ ರೋಗನಿರೋಧಕ ಕೋಶಗಳೇ ಎಂಬುದು ಇಪ್ಪತ್ತನೇ ಶತಮಾನದ ಸಂಶೋಧನೆಗಳಿಂದ ಸ್ಪಷ್ಟವಾಯಿತು. ಅಮೆರಿಕದ 1 ಕೋಟಿಗೂ ಹೆಚ್ಚು ಸೇನಾ ಸಿಬ್ಬಂದಿಯ ದಾಖಲೆಗಳನ್ನು ಆಧರಿಸಿ 2022ರಲ್ಲಿ ಪ್ರಕಟವಾದ ಅಧ್ಯಯನವು, ಎಪ್‌ಸ್ಟೀನ್-ಬಾರ್ ಎಂಬ ಸಾಮಾನ್ಯ ವೈರಾಣುವಿನ ಸೋಂಕಿನ ನಂತರ ಈ ಕಾಯಿಲೆಯ ಸಂಭವ ಬಹಳವಾಗಿ ಹೆಚ್ಚುವುದನ್ನು ತೋರಿಸಿದೆ. ಆದರೂ ಸೋಂಕು ತಗುಲಿದವರಲ್ಲಿ ಬಹುಪಾಲು ಜನರಿಗೆ ಈ ಕಾಯಿಲೆ ಬರುವುದಿಲ್ಲ. ರೋಗದ ಮರುಕಳಿಕೆಯನ್ನು ತಗ್ಗಿಸುವ ಔಷಧಗಳು 1993ರಿಂದೀಚೆಗೆ ಲಭ್ಯವಾಗಿವೆ. ಎ.ಎಲ್.ಎಸ್. ಪೀಡಿತರ ನರಕೋಶಗಳಲ್ಲಿ ಟಿ.ಡಿ.ಪಿ.-43 ಎಂಬ ಪ್ರೋಟೀನು ಗಂಟುಗಟ್ಟಿರುವುದು 2006ರಲ್ಲಿ ಪತ್ತೆಯಾಗಿದೆ. ಈ ಮೂರೂ ಕಾಯಿಲೆಗಳನ್ನು ಸಂಪೂರ್ಣ ಗುಣಪಡಿಸುವ ಚಿಕಿತ್ಸೆ ಇನ್ನೂ ದೊರೆತಿಲ್ಲ.

ಬದುಕಿದ್ದಾಗಿನ ಲಕ್ಷಣಗಳನ್ನು ಮರಣಾನಂತರದ ಪರೀಕ್ಷೆಯೊಂದಿಗೆ ಹೋಲಿಸುವ ಕಾರ್ಯ ಕರ್ನಾಟಕದಲ್ಲಿಯೂ ನಡೆಯುತ್ತಿದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ 1995ರಲ್ಲಿ ಮಾನವ ಮಿದುಳು ಬ್ಯಾಂಕ್ ಸ್ಥಾಪನೆಗೊಂಡಿದ್ದು, ದಾನವಾಗಿ ದೊರೆತ ಮಿದುಳುಗಳನ್ನು ಸಂಶೋಧನೆಗಾಗಿ ಅಲ್ಲಿ ಸಂರಕ್ಷಿಸಲಾಗುತ್ತಿದೆ. ಸಾಲ್ಪೆಟ್ರಿಯೇರ್‌ನ ಮಹಿಳೆಯರಿಗೆ ಆಯ್ಕೆಯ ಅವಕಾಶವಿರಲಿಲ್ಲ. ಇಲ್ಲಿ ಕುಟುಂಬದವರ ಒಪ್ಪಿಗೆಯ ಮೇರೆಗೆ ಮಾತ್ರ ದಾನವನ್ನು ಸ್ವೀಕರಿಸಲಾಗುತ್ತದೆ.