ಪತಂಗದ ಮೀಸೆಯ ಬೆನ್ನುಹತ್ತಿದ ಶಿಕ್ಷಕ: ಜೀನ್ ಹೆನ್ರಿ ಫಾಬ್ರೆ

ರೈತ ಬಾಂಧವರೇ, ಬದನೆ ತಾಕಿನಲ್ಲಾಗಲಿ ಹತ್ತಿ ಹೊಲದಲ್ಲಾಗಲಿ ನೀವು ಕಟ್ಟುವ ಲಿಂಗಾಕರ್ಷಕ ಬಲೆಗೆ ಗಂಡು ಪತಂಗಗಳು ಮಾತ್ರ ಬಂದು ಬೀಳುತ್ತವೆ ಎಂಬುದನ್ನು ಬಲ್ಲಿರಿ. ಹೆಣ್ಣು ಪತಂಗವು ಗಂಡನ್ನು ಕರೆಯುವುದು ರೂಪದಿಂದಲ್ಲ, ವಾಸನೆಯಿಂದ ಎಂಬ ತಿಳಿವಳಿಕೆ ಈ ಬಲೆಯ ಮೂಲ. ಅದನ್ನು ತಾಳ್ಮೆಯಿಂದ ಪರೀಕ್ಷಿಸಿ ನೋಡಿದವರಲ್ಲಿ ಪ್ರಮುಖರು ಫ್ರಾನ್ಸಿನ ಜೀನ್ ಹೆನ್ರಿ ಫಾಬ್ರೆ.

ಫಾಬ್ರೆ 1823ರ ಡಿಸೆಂಬರ್‌ನಲ್ಲಿ ದಕ್ಷಿಣ ಫ್ರಾನ್ಸಿನ ಸೇಂಟ್ ಲಿಯೋನ್ ಎಂಬ ಹಳ್ಳಿಯ ಬಡ ಕುಟುಂಬದಲ್ಲಿ ಜನಿಸಿದರು. ಬಾಲ್ಯದ ಕೆಲವು ವರ್ಷಗಳನ್ನು ಅಜ್ಜ ಅಜ್ಜಿಯರ ಒಕ್ಕಲು ಮನೆಯಲ್ಲಿ ಕಳೆದರು. ವಿದ್ಯಾರ್ಥಿವೇತನದಿಂದ ಓದಿ ಶಿಕ್ಷಕರಾದರು. 1865ರಲ್ಲಿ ರೇಷ್ಮೆಹುಳುವಿನ ರೋಗವನ್ನು ಅಭ್ಯಸಿಸಲು ಬಂದಿದ್ದ ಲೂಯಿ ಪಾಸ್ಚರ್ ಇವರ ಮನೆಗೆ ಬಂದಾಗ, ಗೂಡಿನೊಳಗೆ ಕೋಶವಿರುತ್ತದೆ ಎಂಬುದೂ ಆ ಮಹಾವಿಜ್ಞಾನಿಗೆ ತಿಳಿದಿರಲಿಲ್ಲ. ನಮ್ಮ ರೇಷ್ಮೆ ಬೆಳೆಗಾರರು ಗಂಟುರೋಗವೆನ್ನುವ ವ್ಯಾಧಿಯನ್ನು ತಡೆಯುವ ದಾರಿಯನ್ನು ಮುಂದೆ ಪಾಸ್ಚರರೇ ತೋರಿಸಿದರು.

ಆವಿನ್ಯೋ ಪಟ್ಟಣದಲ್ಲಿ ಫಾಬ್ರೆಯವರು ಸಂಜೆಯ ವೇಳೆ ಉಚಿತ ತರಗತಿಗಳನ್ನು ನಡೆಸುತ್ತಿದ್ದರು. ಹೂವಿನ ಪರಾಗಸ್ಪರ್ಶವನ್ನು ಹೆಣ್ಣುಮಕ್ಕಳಿಗೂ ಕಲಿಸಿದರೆಂಬುದು ಸಂಪ್ರದಾಯವಾದಿಗಳ ಕಣ್ಣಿಗೆ ಅಪರಾಧವಾಯಿತು. ಹುದ್ದೆ ಕೈಬಿಟ್ಟಿತು, ಬಾಡಿಗೆ ಮನೆಯೂ ಹೋಯಿತು. ದೊಡ್ಡ ಸಂಸಾರವನ್ನು ಪಠ್ಯಪುಸ್ತಕ ಬರೆದು ಸಾಕಿದರು. 1879ರಲ್ಲಿ, ಐವತ್ತೈದು ದಾಟಿದ ಮೇಲೆ, ಸೆರಿನ್ಯಾ ಗ್ರಾಮದಲ್ಲಿ ಒಂದು ತುಂಡು ಭೂಮಿ ಕೊಂಡರು. ಅದಕ್ಕೆ ಹರ್ಮಾಸ್ ಎಂದು ಹೆಸರಿಟ್ಟರು. ಆ ಸೀಮೆಯ ಮಾತಿನಲ್ಲಿ ಹಾಗೆಂದರೆ ಕಲ್ಲು ತುಂಬಿದ ಬೀಳು ನೆಲ. ಬೇಸಾಯಕ್ಕೆ ಬಾರದ ಆ ನೆಲವೇ ಅವರ ಪ್ರಯೋಗಶಾಲೆಯಾಯಿತು.

ಒಂದು ಮೇ ತಿಂಗಳ ಬೆಳಗ್ಗೆ ಅವರ ಕೋಣೆಯಲ್ಲಿ ನವಿಲುಪತಂಗದ ಹೆಣ್ಣೊಂದು ಗೂಡಿನಿಂದ ಹೊರಬಂತು. ಯುರೋಪಿನ ಪತಂಗಗಳಲ್ಲೇ ಇದು ಅತಿ ದೊಡ್ಡದು. ಇದರ ಕೀಡೆ ಬಾದಾಮಿ ಮರದ ಎಲೆ ತಿನ್ನುತ್ತದೆ. ಫಾಬ್ರೆ ಅದನ್ನು ತಂತಿಬಲೆಯ ಮುಚ್ಚಳದಡಿ ಇಟ್ಟರು. ಅದೇ ರಾತ್ರಿ ಸುಮಾರು 40 ಗಂಡುಗಳು ಮನೆಗೆ ನುಗ್ಗಿದವು. ಎಂಟು ರಾತ್ರಿಗಳಲ್ಲಿ ಬಂದವು ಸುಮಾರು 150. ಸುತ್ತಮುತ್ತ ಬಾದಾಮಿ ಮರಗಳೇ ವಿರಳ. ಹಾಗಾದರೆ ಇವು ದೂರದಿಂದಲೇ ಬಂದಿರಬೇಕು, ಅದೂ ಕತ್ತಲಲ್ಲಿ.

ಕುಡಿಮೀಸೆಯೇ ದಾರಿ ತೋರುತ್ತಿರಬಹುದೆಂದು ಕೆಲವು ಗಂಡುಗಳ ಮೀಸೆಯನ್ನು ಕತ್ತರಿಸಿ ಬಿಟ್ಟರು. ಮರಳಿದವು ತೀರ ಕೆಲವು. ಉತ್ತರ ದೊರೆಯಿತೆಂದು ಇನ್ನೊಬ್ಬರು ಅಲ್ಲಿಗೇ ನಿಲ್ಲುತ್ತಿದ್ದರೇನೋ. ಫಾಬ್ರೆ ಮೀಸೆಯನ್ನು ಮುಟ್ಟದೆ, ಮೈಯ ರೋಮವನ್ನಷ್ಟೇ ಕಿತ್ತು ಗುರುತು ಮಾಡಿ ಇನ್ನಷ್ಟು ಗಂಡುಗಳನ್ನು ಬಿಟ್ಟರು. ಅವುಗಳಲ್ಲೂ ಹೆಚ್ಚಿನವು ಹಿಂತಿರುಗಲಿಲ್ಲ; ಆಯುಷ್ಯವೇ ಅಷ್ಟು ಅಲ್ಪ. ಆದ್ದರಿಂದ ಈ ಪ್ರಯೋಗದಿಂದ ಏನೂ ಸಿದ್ಧವಾಗದೆಂದು ಬರೆದಿಟ್ಟರು. ಹೊಲದಲ್ಲಿ ಪ್ರಾತ್ಯಕ್ಷಿಕೆ ನಡೆಸುವ ವಿಸ್ತರಣಾ ಕಾರ್ಯಕರ್ತರು ಈ ಪುಟವನ್ನು ಓದಬೇಕೆಂಬುದು ನನ್ನ ಆಸೆ. ಉಪಚಾರವಿಲ್ಲದ ತಾಕನ್ನು ಬಿಡದೆ ಫಲಿತಾಂಶ ಘೋಷಿಸುವುದು ನಮ್ಮಲ್ಲಿ ಇಂದಿಗೂ ಉಂಟು.

ಮುಂದೆ ಹಗಲಿನಲ್ಲಿ ಹಾರುವ ಓಕ್ ಪತಂಗದ ಸರದಿ. ಮೊದಲು ಸಿಕ್ಕ ಹೆಣ್ಣನ್ನು ಅದೇ ಗೂಡಿನಲ್ಲಿದ್ದ ಸೂರ್ಯನ ಕುದುರೆ ಕೀಟ ತಿಂದುಹಾಕಿತು. ಮತ್ತೊಂದು ದೊರೆಯಲು ಮೂರು ವರ್ಷ ಕಾಯಬೇಕಾಯಿತು. ಈ ಬಾರಿ ಹೆಣ್ಣನ್ನು ಬಿಗಿಯಾದ ಗಾಜಿನ ಗಂಟೆಯೊಳಗೆ, ಕಿಟಕಿಯೆದುರಿಗೇ, ಕಣ್ಣಿಗೆ ಬೀಳುವಂತೆ ಇಟ್ಟರು. ಅದು ಹಿಂದಿನ ರಾತ್ರಿ ಕಳೆದಿದ್ದ ಮರಳಿನ ತಟ್ಟೆಯನ್ನೂ ತಂತಿಬಲೆಯನ್ನೂ ಕೋಣೆಯ ಮೂಲೆಗೆ ಸರಿಸಿದ್ದರು. ಕಿಟಕಿಯಿಂದ ಬಂದ ಗಂಡುಗಳು ಹೆಣ್ಣಿನ ಮೇಲೆಯೇ ಹಾದು ಹೋದವು, ಒಂದೂ ನಿಲ್ಲಲಿಲ್ಲ. ಎಲ್ಲವೂ ಬರಿದಾದ ತಟ್ಟೆಯನ್ನು ಮುತ್ತಿದವು. ಹೆಣ್ಣು ಕುಳಿತೆದ್ದ ಓಕ್ ರೆಂಬೆಗೂ ಹಾಗೆಯೇ ಮುಗಿಬಿದ್ದವು. ನುಸಿಗುಳಿಗೆಯ ಘಾಟು ಕೂಡ ಅವುಗಳನ್ನು ತಡೆಯಲಿಲ್ಲ.

ಆ ಮರಳಿನ ತಟ್ಟೆಯನ್ನು ನೆನೆದರೆ ನಮ್ಮ ಶಿಫಾರಸುಗಳ ಕಾರಣ ತಿಳಿಯುತ್ತದೆ. ವಾಸನೆ ಮುಟ್ಟಿದ್ದಕ್ಕೆಲ್ಲ ಅಂಟುತ್ತದೆ. ಆದ್ದರಿಂದ ಲ್ಯೂರನ್ನು ಬರಿಗೈಯಲ್ಲಿ ಮುಟ್ಟದಿರಿ, ಒಂದು ಕೀಟದ ಲ್ಯೂರ್ ಹಿಡಿದ ಕೈಗವಸಿನಲ್ಲೇ ಇನ್ನೊಂದರದನ್ನು ಹಿಡಿಯದಿರಿ, ಹಳೆಯದನ್ನು ಬದುವಿನಲ್ಲಿ ಎಸೆಯದಿರಿ. ಬಲೆಗೆ ಬಿದ್ದದ್ದು ಗಂಡು ಮಾತ್ರ, ಮೊಟ್ಟೆಯಿಡುವ ಹೆಣ್ಣು ಹೊರಗೇ ಇರುತ್ತದೆ ಎಂಬುದೂ ನೆನಪಿರಲಿ. ಎಕರೆಗೆ ಒಂದೆರಡು ಬಲೆ ಕೀಟದ ಸುಳಿವು ಕೊಡುತ್ತದೆಯೇ ಹೊರತು ಬೆಳೆಯನ್ನು ಉಳಿಸದು.

ಫಾಬ್ರೆ 1915ರ ಅಕ್ಟೋಬರ್ 11ರಂದು ಹರ್ಮಾಸ್‌ನಲ್ಲಿಯೇ ತೀರಿಕೊಂಡರು. 1959ರಲ್ಲಿ ಜರ್ಮನಿಯ ಅಡಾಲ್ಫ್ ಬುಟೆನಾಂಟ್ ಸುಮಾರು 5 ಲಕ್ಷ ಹೆಣ್ಣು ರೇಷ್ಮೆ ಪತಂಗಗಳಿಂದ ಕೆಲವೇ ಮಿಲಿಗ್ರಾಂ ಬಾಂಬಿಕಾಲ್ ಎಂಬ ವಸ್ತುವನ್ನು ಬೇರ್ಪಡಿಸಿದರು. ಸೇಬಿನ ಹಣ್ಣು ಕೊರೆಯುವ ಕಾಡ್ಲಿಂಗ್ ಪತಂಗದ ವಾಸನೆಯನ್ನು 1971ರಲ್ಲಿ ಅಮೆರಿಕದ ವಿಜ್ಞಾನಿಗಳು ಗುರುತಿಸಿದ್ದು ಗಂಡಿನ ಕುಡಿಮೀಸೆಯಲ್ಲಿ ಏಳುವ ವಿದ್ಯುತ್ ಮಿಡಿತವನ್ನು ಅಳೆದು. ಇಂದು ಅಲ್ಲಿನ ಸೇಬು ತೋಟಗಳಲ್ಲಿ ಆ ವಾಸನೆಯನ್ನು ಮರಮರಕ್ಕೂ ಕಟ್ಟುತ್ತಾರೆ. ತೋಟವೆಲ್ಲ ಹೆಣ್ಣಿನ ವಾಸನೆಯಾದಾಗ ಗಂಡಿಗೆ ನಿಜವಾದ ಹೆಣ್ಣು ಸಿಗುವುದಿಲ್ಲ. ಕೂಡದ ಹೆಣ್ಣು ಇಟ್ಟ ಮೊಟ್ಟೆ ಒಡೆಯುವುದಿಲ್ಲ.