ಒಂದು ಕೋವಿಯ ಒಡೆತನ: ಕೆನೆತ್ ಆಂಡರ್ಸನ್ ಮತ್ತು ಪೆನ್ನಾಗರಂ ಕಾಡು

ಪೂರ್ಣಚಂದ್ರ ತೇಜಸ್ವಿಯವರ ಭಾವಾನುವಾದದ ಮೂಲಕ ಕೆನೆತ್ ಆಂಡರ್ಸನ್ ಕನ್ನಡ ಓದುಗರ ಮನೆಯವನಾಗಿ ಬಹುಕಾಲವಾಯಿತು. ‘ಬೆಳ್ಳಂದೂರಿನ ನರಭಕ್ಷಕ’, ‘ಪೆದ್ದಚೆರುವಿನ ರಾಕ್ಷಸ’, ‘ಜಾಲಹಳ್ಳಿಯ ಕುರ್ಕ’, ‘ಮುನಿಶಾಮಿ ಮತ್ತು ಮಾಗಡಿ ಚಿರತೆ’ ಎಂಬ ಕಾಡಿನ ಕತೆಗಳ ನಾಲ್ಕು ಸಂಪುಟಗಳನ್ನು ಓದದ ಕನ್ನಡ ವಿದ್ಯಾರ್ಥಿ ವಿರಳ. ಈ ಕತೆಗಳಲ್ಲಿ ಹುಲಿ, ಚಿರತೆಗಳ ಜೊತೆಗೆ ಮತ್ತೊಂದು ಪಾತ್ರ ಸದ್ದಿಲ್ಲದೆ ಸಂಚರಿಸುತ್ತದೆ. ಅದು ಆಂಡರ್ಸನ್ನನ ಹೆಗಲ ಮೇಲಿದ್ದ ರೈಫಲ್. ಅದನ್ನು ಅವನು ಹೇಗೆ ಇಟ್ಟುಕೊಂಡಿದ್ದ, ಹೇಗೆ ಬಳಸಿದ ಎಂಬುದನ್ನು ಗಮನಿಸಿದರೆ ಅವನ ಬಾಳಿನ ತಿರುಳೇ ದೊರೆಯುತ್ತದೆ.

ಆಂಡರ್ಸನ್ ಹುಟ್ಟಿದ್ದು 1910ರ ಮಾರ್ಚ್ 8ರಂದು, ಸಿಕಂದರಾಬಾದಿನ ಬೋಲಾರಂನಲ್ಲಿ. ತಲೆಮಾರುಗಳಿಂದ ಭಾರತದಲ್ಲೇ ನೆಲೆನಿಂತ ಸ್ಕಾಟಿಷ್ ಮನೆತನ ಅವನದು. ಬೆಂಗಳೂರಿನ ಬಿಷಪ್ ಕಾಟನ್ ಶಾಲೆಯಲ್ಲಿಯೂ ಸೇಂಟ್ ಜೋಸೆಫ್ ಕಾಲೇಜಿನಲ್ಲಿಯೂ ಓದಿದ. ಕಾನೂನು ಕಲಿಯಲೆಂದು ಎಡಿನ್‌ಬರೋಗೆ ಕಳಿಸಿದರೆ ಅಲ್ಲಿ ಮನಸ್ಸು ನಿಲ್ಲದೆ ಮರಳಿ ಬಂದ. ಕೆಲವು ಕಾಲ ಅಂಚೆ ಮತ್ತು ತಂತಿ ಇಲಾಖೆಯಲ್ಲಿಯೂ ಮುಂದೆ ಬೆಂಗಳೂರಿನ ವಿಮಾನ ಕಾರ್ಖಾನೆಯಲ್ಲಿಯೂ ದುಡಿದ. ಕನ್ನಡ, ತಮಿಳು ಎರಡನ್ನೂ ಆಡಬಲ್ಲವನಾಗಿದ್ದ. ರಜೆ ಸಿಕ್ಕಾಗಲೆಲ್ಲ ಅವನ ಕಾರು ಕಾಡಿನ ದಾರಿ ಹಿಡಿಯುತ್ತಿತ್ತು.

ಆ ದಾರಿಗಳಲ್ಲಿ ಅವನಿಗೆ ಅತ್ಯಂತ ಪ್ರಿಯವಾದದ್ದು ಪೆನ್ನಾಗರಂ ದಾರಿ. ಅಂದು ಅದು ಮದರಾಸು ಪ್ರಾಂತ್ಯದ ಸೇಲಂ ಜಿಲ್ಲೆಗೆ ಸೇರಿತ್ತು. 1965ರಲ್ಲಿ ಸೇಲಂ ಒಡೆದು ಧರ್ಮಪುರಿ ಜಿಲ್ಲೆಯಾದಾಗ ಅದರ ಭಾಗವಾಯಿತು. ಊರನ್ನು ದಾಟಿ ಪಶ್ಚಿಮಕ್ಕೆ ಇಳಿದರೆ ಕಾವೇರಿ ಧುಮ್ಮಿಕ್ಕುವ ಹೊಗೆನಕಲ್. ಹೊಗೆಯಂತೆ ಏಳುವ ನೀರಹನಿಗಳನ್ನು ಕಂಡು ಯಾರೋ ಇಟ್ಟ ಆ ಹೆಸರನ್ನು ಬಿಡಿಸಿ ನೋಡಿದರೆ ಸಿಗುವುದು ಕನ್ನಡವೇ. ಅಲ್ಲಿಗೆ ಬಂದು ಕಾವೇರಿಯನ್ನು ಕೂಡುವ ಚಿನ್ನಾರ್ ಹೊಳೆ, ಬಿದಿರುಮೆಳೆಗಳ ಮುತ್ತೂರು, ಬೆಟ್ಟದ ಮೇಲಿನ ಕೆಂಪೆಕರೈ, ಹೊಗೆನಕಲ್ ದಾರಿಯ ಮುಂಡಚ್ಚಿಪಳ್ಳಂ ಇವೆಲ್ಲವೂ ಅವನ ಬರಹದಲ್ಲಿ ಮತ್ತೆ ಮತ್ತೆ ಬರುವ ಜಾಗಗಳು. ಕನ್ನಡ, ತಮಿಳು ಒಂದರೊಳಗೊಂದು ಹೊಕ್ಕ ಈ ಗಡಿಸೀಮೆಯಲ್ಲಿ ಎರಡನ್ನೂ ಬಲ್ಲವನಿಗೆ ಕಾಡಿನ ಸುದ್ದಿ ಮೊದಲು ತಲುಪುತ್ತಿತ್ತು.

ಅವನ ರೈಫಲ್ ವಿಂಚೆಸ್ಟರ್ ಕಂಪನಿಯದು, 1895ರ ಮಾದರಿ, ಪಾಯಿಂಟ್ 405 ತೋಟಾ ಹಾರಿಸುವಂಥದ್ದು. ಅದನ್ನು ರೂಪಿಸಿದವನು ಅಮೆರಿಕದ ಜಾನ್ ಬ್ರೌನಿಂಗ್. ಆ ತೋಟಾ ಬಳಕೆಗೆ ಬಂದದ್ದು 1904ರಲ್ಲಿ. ಅಧ್ಯಕ್ಷ ಪದವಿಯಿಂದ ಇಳಿದ ಥಿಯೋಡರ್ ರೂಸ್‌ವೆಲ್ಟ್ 1909ರಲ್ಲಿ ಇದೇ ಬಗೆಯ ಕೋವಿ ಹಿಡಿದು ಆಫ್ರಿಕಕ್ಕೆ ಹೋದಮೇಲೆ ಅದರ ಹೆಸರು ಜಗತ್ತಿನ ಬೇಟೆಗಾರರಿಗೆಲ್ಲ ತಿಳಿಯಿತು. ಸುಮಾರು 19 ಗ್ರಾಂ ತೂಕದ ಗುಂಡು ಸೆಕೆಂಡಿಗೆ ಸುಮಾರು 670 ಮೀಟರ್ ವೇಗದಲ್ಲಿ ನಳಿಗೆಯಿಂದ ಹೊರಡುತ್ತಿತ್ತು. ಕುದುರೆಯ ಕಾಪಿನೊಡನೆ ಜೋಡಿಸಿದ ಸನ್ನೆಯನ್ನು ಕೆಳಗೆಳೆದರೆ ಖಾಲಿ ತೋಟಾ ಹೊರಚಿಮ್ಮುತ್ತದೆ. ಮೇಲಕ್ಕೆ ಮಡಚಿದರೆ ಹೊಸದು ಒಳಸೇರುತ್ತದೆ. ಮುಂದಿನ ಗುಂಡಿಗೆ ಮುನ್ನ ಬೇಟೆಗಾರನ ಕೈ ಒಮ್ಮೆ ಕೆಲಸ ಮಾಡಲೇಬೇಕು.

ಆ ಕೆಲಸವನ್ನೂ ಯಂತ್ರಕ್ಕೇ ಒಪ್ಪಿಸುವ ಅರೆಸ್ವಯಂಚಾಲಿತ ಬೇಟೆ ರೈಫಲ್ಲುಗಳು ಆಗಲೇ ಇದ್ದವು. ಆಂಡರ್ಸನ್ ಹುಟ್ಟಿದ ವರ್ಷವೇ ಹೆಸರಾಗಿರುವ 1910ರ ಮಾದರಿಯೊಂದನ್ನು ಅದೇ ವಿಂಚೆಸ್ಟರ್ ಕಂಪನಿ ತಯಾರಿಸಿತ್ತು. ಅಂಥ ಕೋವಿಯಲ್ಲಿ ಗುಂಡು ಸಿಡಿದ ಬಲವೇ ಮುಂದಿನ ತೋಟಾವನ್ನು ಒಳಕ್ಕೆ ತರುತ್ತದೆ. ಬೆರಳು ಒತ್ತುವುದಷ್ಟೇ ಉಳಿದ ಕೆಲಸ. ಆಂಡರ್ಸನ್ ಮಾತ್ರ ದಶಕಗಳ ಕಾಲ ಹಳೆಯ ಸನ್ನೆಯ ಕೋವಿಯನ್ನೇ ನೆಚ್ಚಿಕೊಂಡ. ಕತ್ತಲಲ್ಲಿ ಅಟ್ಟಣೆಯ ಮೇಲೆ ಕುಳಿತವನಿಗೆ ಗುರಿ ಸಿಗುವುದು ಬಹುಮಟ್ಟಿಗೆ ಒಂದೇ ಸಲ. ಆ ಮೊದಲ ಗುಂಡು ತಪ್ಪಿದರೆ ಹುಲಿ ಪೊದೆಯೊಳಗೆ ಮರೆಯಾಗಿರುತ್ತದೆ, ಉಳಿದ ತೋಟಾಗಳು ಎಷ್ಟು ಬೇಗ ಒಳಸೇರಿದರೂ ಪ್ರಯೋಜನವಿಲ್ಲ.

ಕೋವಿಗೆ ಅವನು ಮಾಡಿಕೊಂಡ ಮುಖ್ಯ ಮಾರ್ಪಾಡು ಟಾರ್ಚ್. ಅದನ್ನು ಪಟ್ಟಿಯಿಂದ ನಳಿಗೆಗೆ ಬಿಗಿದು ಕೊಂಡೊಯ್ಯುತ್ತಿದ್ದ. ಕೇಳುವುದಕ್ಕೆ ಸಣ್ಣ ಸಂಗತಿ. ಆದರೆ ಅಮಾವಾಸ್ಯೆಯ ಕಾಡಿನಲ್ಲಿ ಬೆಳಕಿಲ್ಲದ ಕೋವಿ ಬರಿಯ ದೊಣ್ಣೆ. ಬೆಳಕು ಗುಂಡು ಹೋಗುವ ದಿಕ್ಕಿಗೇ ಬೀಳಬೇಕು, ನಳಿಗೆಯ ತುದಿಯ ಗುರಿಮೊನೆಯೂ ಅದರಲ್ಲಿ ಕಾಣಬೇಕು, ಗುಂಡಿ ಒತ್ತುವಾಗ ಕೋವಿ ಅಲುಗಬಾರದು, ಸದ್ದಾಗಬಾರದು. ಇಷ್ಟು ಹೊಂದಿಕೆಯಾಗದಿದ್ದರೆ ಟಾರ್ಚ್ ಹುಲಿಯನ್ನು ಓಡಿಸುವ ಸಾಧನವಾಗುತ್ತದೆ.

ಕೋವಿಯನ್ನು ಕೊಳ್ಳುವುದಕ್ಕಿಂತ ಕಾಪಾಡುವುದು ಕಷ್ಟ. ಆ ಕಾಲದ ತೋಟಾಗಳ ಬುಡದ ಸಿಡಿಮದ್ದು ನಳಿಗೆಯೊಳಗೆ ಉಪ್ಪಿನಂಥ ಶೇಷವನ್ನು ಬಿಡುತ್ತಿತ್ತು. ಅದು ಗಾಳಿಯ ತೇವವನ್ನು ಹೀರಿ ರಾತ್ರಿ ಬೆಳಗಾಗುವುದರೊಳಗೆ ತುಕ್ಕು ತರುತ್ತಿತ್ತು. ಎಣ್ಣೆಯೊಂದರಿಂದಲೇ ಆ ಉಪ್ಪು ಕರಗದು. ಮೊದಲು ನೀರಿನಿಂದ ತೊಳೆದು, ಒಣಗಿಸಿ, ಅನಂತರ ಎಣ್ಣೆ ಸವರಬೇಕು. ಹೊಳೆದಂಡೆಯ ಬೀಡಿನಲ್ಲಿ ಮಳೆಗಾಲ ಕಳೆಯುವವನಿಗೆ ಇದು ದಿನಚರಿಯಾಗದೆ ಗತ್ಯಂತರವಿರಲಿಲ್ಲ. ತೋಟಾಗಳದು ಇನ್ನೊಂದು ಚಿಂತೆ. ಎರಡನೆಯ ಮಹಾಯುದ್ಧ ಬಿರುಸಾಗುವ ಹೊತ್ತಿಗೆ ಆ ಮಾದರಿಯ ರೈಫಲ್ಲಿನ ತಯಾರಿಕೆಯೇ ನಿಂತುಹೋಗಿತ್ತು.

ಇಷ್ಟೆಲ್ಲ ಜತನ ಮಾಡಿದ ಕೋವಿ ಎಷ್ಟು ಬಾರಿ ಸಿಡಿಯಿತು? 1939ರಿಂದ 1966ರವರೆಗೆ ಆಂಡರ್ಸನ್ ಕೊಂದುದಾಗಿ ಅಧಿಕೃತ ದಾಖಲೆಯಲ್ಲಿರುವ ನರಭಕ್ಷಕಗಳು ಎಂಟು ಚಿರತೆ, ಏಳು ಹುಲಿ. 27 ವರ್ಷಗಳಲ್ಲಿ 15. ಆ ಒಂದು ಕ್ಷಣಕ್ಕಾಗಿ ವರುಷಗಟ್ಟಲೆ ಕೋವಿಯನ್ನು ಒರೆಸಿ, ತಿಕ್ಕಿ, ಸಜ್ಜಾಗಿಡುವುದೇ ಒಡೆತನದ ದೊಡ್ಡ ಪಾಲಾಗಿತ್ತು.

ಕೆಟ್ಟ ಗುಂಡಿನ ಬೆಲೆ ಏನೆಂಬುದನ್ನು ಅದೇ ಸೀಮೆ ಅವನಿಗೆ ಕಲಿಸಿತ್ತು. ಪೆನ್ನಾಗರಂನ ಉತ್ತರಕ್ಕಿರುವ ಜವಳಗಿರಿಯ ಹೆಣ್ಣುಹುಲಿಯ ಕತೆಯನ್ನು ಅವನು 1954ರಲ್ಲಿ ಬಂದ ತನ್ನ ಮೊದಲ ಪುಸ್ತಕದಲ್ಲೇ ಬರೆದ. ಸಂಗಾತಿಯನ್ನು ಕಳೆದುಕೊಂಡು, ಗುಂಡೇಟಿನಿಂದ ಗಾಯಗೊಂಡು, ಆ ಹುಲಿ ಮನುಷ್ಯರ ಮೇಲೆ ತಿರುಗಿತು. ಗುಂಡು ಹಾರಿಸಿದವರು ಮನೆಗೆ ಮರಳಿದರು, ಸತ್ತವರು ದನಗಾಹಿಗಳು, ದಾರಿಹೋಕರು. ಗಾಯಗೊಂಡ ಪ್ರಾಣಿಯನ್ನು ಹುಡುಕದೆ ಬಿಟ್ಟು ಹೋಗುವ ಬೇಟೆಗಾರ ಮುಂದಿನ ನರಭಕ್ಷಕವನ್ನು ತಾನೇ ಬೆಳೆಸಿದಂತೆ ಎಂಬ ತಿಳಿವಳಿಕೆ ಅವನ ಬರಹಗಳ ಒಳಗೆ ಹರಿಯುತ್ತದೆ.

ಪೆನ್ನಾಗರಂ ಕಾಡಿನಲ್ಲಿ ಅವನ ಗುರುಗಳಾದವರು ಇಬ್ಬರು. ಎತ್ತಿನ ಗಾಡಿ ಹೊಡೆಯುತ್ತಿದ್ದ ರಂಗ ಒಬ್ಬ. ಚಿನ್ನಾರ್ ದಂಡೆಯಲ್ಲಿ ಬದುಕುತ್ತಿದ್ದ, ಆಂಡರ್ಸನ್ ಪೂಜಾರಿ ಬುಡಕಟ್ಟಿನವನೆಂದು ಗುರುತಿಸಿದ ಬೈರ ಇನ್ನೊಬ್ಬ. ಬೈರನ ಬಳಿಯೂ ಕೋವಿಯಿತ್ತು, ಬಾಯಿಂದ ಮದ್ದು ತುಂಬುವ ಹಳೆಯ ನಾಡಕೋವಿ. ಒಂದು ಗುಂಡು ಹಾರಿಸಿ ಮತ್ತೆ ತುಂಬುವಷ್ಟರಲ್ಲಿ ಜಿಂಕೆ ಬೆಟ್ಟ ದಾಟಿರುತ್ತಿತ್ತು. 1878ರ ಶಸ್ತ್ರ ಕಾಯಿದೆಯ ಕಣ್ಣಲ್ಲಿ ಪರವಾನಗಿಯುಳ್ಳ ವಿಂಚೆಸ್ಟರಿನ ಒಡೆಯ ಬೇಟೆಗಾರ, ಹೊಟ್ಟೆಗಾಗಿ ಕಾಯುವ ಬೈರ ಕಳ್ಳಬೇಟೆಗಾರ. ಈ ಅಂತರವನ್ನು ಆಂಡರ್ಸನ್ ಮುಚ್ಚಿಡಲಿಲ್ಲ. ಬೈರನ ಕಳ್ಳಬೇಟೆಯನ್ನೂ ಬರೆದ, ಅವನಿಂದ ಕಲಿತದ್ದನ್ನೂ ಬರೆದ. ಹೆಜ್ಜೆಗುರುತು, ಹಕ್ಕಿಯ ಎಚ್ಚರಿಕೆ, ಗಾಳಿಯ ದಿಕ್ಕು ಇವನ್ನು ಓದಬಲ್ಲ ಬೈರನಿಲ್ಲದಿದ್ದರೆ ಅಮೆರಿಕದ ಆ ಕೋವಿ ಚಿನ್ನಾರ್ ದಂಡೆಯಲ್ಲಿ ದಿಕ್ಕು ತಪ್ಪುತ್ತಿತ್ತು. ಕಾಲುಶತಮಾನ ಕಳೆದರೂ ಅವರ ಗೆಳೆತನ ಬಾಡಲಿಲ್ಲ. ಇಂದು ಬೈರನ ಹೆಸರನ್ನು ದೂರದ ಓದುಗರೂ ಬಲ್ಲರೆಂದರೆ ಅದಕ್ಕೆ ಆ ಬರಹವೇ ಕಾರಣ.

ಕೊನೆಗಾಲದಲ್ಲಿ ಆಂಡರ್ಸನ್ ಕೋವಿಗಿಂತ ಕ್ಯಾಮೆರಾವನ್ನು ಹೆಚ್ಚಾಗಿ ಹಿಡಿದ. ಬರಿದಾಗುತ್ತಿದ್ದ ಕಾಡನ್ನೂ ಕಾಣೆಯಾಗುತ್ತಿದ್ದ ಮೃಗಗಳನ್ನೂ ಕುರಿತು ಅವನ ಬರಹದಲ್ಲಿ ಕಳವಳ ಹೆಚ್ಚಿತು. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದು ಹುಲಿಬೇಟೆಯ ಕಾಲ ಮುಗಿಯಿತು. 1974ರ ಆಗಸ್ಟ್ 30ರಂದು ಅವನು ಬೆಂಗಳೂರಿನಲ್ಲಿ ಕ್ಯಾನ್ಸರಿನಿಂದ ತೀರಿಕೊಂಡ.

ಅವನ ಕತೆಗಳನ್ನು ಓದುವಾಗ ವಿದ್ಯಾರ್ಥಿಗಳ ಕಣ್ಣು ಗುಂಡು ಹಾರುವ ಸಾಲಿಗೆ ಓಡುವುದು ಸಹಜ. ಆದರೆ ಆ ಸಾಲಿಗೆ ಮುನ್ನ ಎಷ್ಟು ಪುಟಗಳ ಕಾಯುವಿಕೆ ಇದೆ, ಎಷ್ಟು ಸಲ ಕೋವಿ ಎತ್ತಿಯೂ ಇಳಿಸಲಾಗಿದೆ ಎಂದು ಎಣಿಸಿ ನೋಡಬೇಕು. ಆಂಡರ್ಸನ್ನನ ಬೇಟೆಗಾರಿಕೆಯ ಅಳತೆ ಸಿಗುವುದು ಆ ಎಣಿಕೆಯಲ್ಲಿ.